ಬಸ್ ಘಟಕ ನಡೆಸುವ ಬಗೆ: ಗೇಟಿನ ಅಂಕಿಯಿಂದ ಕೋರ್ಟಿನ ಕಡತದವರೆಗೆ

ರಾತ್ರಿ ಎಂಟೂವರೆ. ಸಾದಾ ಬಸ್ಸೊಂದು ದಿನದ ಟ್ರಿಪ್ಪುಗಳನ್ನು ಮುಗಿಸಿ ಘಟಕದ, ಅಂದರೆ ಡಿಪೊದ, ಗೇಟಿಗೆ ಬಂದು ನಿಲ್ಲುತ್ತದೆ. ಭದ್ರತಾ ಸಿಬ್ಬಂದಿ ಟಾರ್ಚ್ ಬಿಟ್ಟು ಮೀಟರ್ ನೋಡಿ ಗಾಡಿ ನಂಬರು, ಬಂದ ಹೊತ್ತು, ಓಡೋಮೀಟರಿನ ಅಂಕಿ ಮೂರನ್ನೂ ರಿಜಿಸ್ಟರಿಗೆ ಇಳಿಸುತ್ತಾರೆ. ಅರ್ಧ ನಿಮಿಷದ ಕೆಲಸ. ಆದರೆ ಆ ಅಂಕಿ ಅಲ್ಲಿಂದ ಐದು ಕಡೆ ಹೋಗುತ್ತದೆ: ಡೀಸೆಲ್ ಪಂಪಿನ ಕೆಎಂಪಿಎಲ್ (ಲೀಟರಿಗೆ ಎಷ್ಟು ಕಿ.ಮೀ.) ಲೆಕ್ಕಕ್ಕೆ, ಟೈರಿನ ಕಾರ್ಡಿಗೆ, ಎಂಜಿನ್ ಆಯಿಲ್ ಬದಲಿಸುವ ಪಟ್ಟಿಗೆ, ಆದಾಯ ಶಾಖೆಯ ಪ್ರತಿ ಕಿಲೋಮೀಟರ್ ಗಳಿಕೆಗೆ, ಸಿಬ್ಬಂದಿಯ ಡ್ಯೂಟಿ ಲೆಕ್ಕಕ್ಕೆ. ಗೇಟಿನಲ್ಲಿ ತಪ್ಪಿದರೆ ಐದೂ ಕಡೆ ತಪ್ಪು, ಮತ್ತೆ ಯಾರು ಎಷ್ಟು ತಲೆ ಕೆಡಿಸಿಕೊಂಡರೂ ತಪ್ಪು ಎಲ್ಲಿಂದ ಬಂತು ಎಂದು ಸಿಗುವುದಿಲ್ಲ.

1948ರಲ್ಲಿ ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳಿಂದ ಶುರುವಾಯಿತು. 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆಯಡಿ 1961ರಲ್ಲಿ ಅದು ನಿಗಮವಾಯಿತು. ಇವತ್ತು ಕೆಎಸ್‌ಆರ್‌ಟಿಸಿ, ಬಿಎಂಟಿಸಿ, ಹುಬ್ಬಳ್ಳಿಯ ವಾಯವ್ಯ ಸಾರಿಗೆ, ಕಲಬುರಗಿಯ ಕಲ್ಯಾಣ ಕರ್ನಾಟಕ ಸಾರಿಗೆ ಎಂದು ನಾಲ್ಕಾಗಿದೆ. ನಾಲ್ಕರಲ್ಲೂ ನಿಜವಾದ ಕೆಲಸ ನಡೆಯುವ ಜಾಗ ಘಟಕವೇ. ಕೇಂದ್ರ ಕಚೇರಿಯ ಯಾವ ವರದಿಯೂ ಘಟಕದಲ್ಲಿ ಬರೆದ ಅಂಕಿಗಿಂತ ಸಾಚಾ ಆಗಲು ಸಾಧ್ಯವಿಲ್ಲ. ಘಟಕಕ್ಕೆ ಹೊಸದಾಗಿ ಬಂದ ವ್ಯವಸ್ಥಾಪಕರು, ಸಂಚಾರ ನಿರೀಕ್ಷಕರು, ಚಾರ್ಜ್‌ಮನ್‌ಗಳು, ಕಚೇರಿ ಸಹಾಯಕರು ಯಾವ ಕೆಲಸ ಮೊದಲು ಹಿಡಿಯಬೇಕು ಎಂಬ ಕ್ರಮದಲ್ಲಿ ಈ ಬರಹವಿದೆ. ಶೆಡ್ಯೂಲ್ (ಒಂದು ಗಾಡಿಯ ದಿನದ ನಿಗದಿತ ಓಟ) ಯಾಕೆ ರದ್ದಾಯಿತು, ತಮ್ಮ ಡ್ಯೂಟಿ ಹೇಗೆ ಬಿತ್ತು ಎಂದು ತಿಳಿಯಬೇಕೆನ್ನುವ ಚಾಲಕ, ನಿರ್ವಾಹಕರಿಗೂ ಇದು ಉಪಯೋಗಕ್ಕೆ ಬಂದೀತು.

ಮೊದಲ ವಾರ: ಕಿಲೋಮೀಟರ್ ಸರಿಮಾಡಿ

ಘಟಕದ ಎಲ್ಲ ಬಸ್ಸುಗಳ ಪಟ್ಟಿ ಹಿಡಿದು ಒಂದು ಸುತ್ತು ಹಾಕಿ. ಯಾವ ಗಾಡಿಯ ಓಡೋಮೀಟರ್ ಓಡುತ್ತಿಲ್ಲ, ಯಾವುದರ ಗಾಜು ಮಬ್ಬಾಗಿ ಅಂಕಿ ಕಾಣುತ್ತಿಲ್ಲ ಎಂದು ಗುರುತು ಹಾಕಿಕೊಳ್ಳಿ. ಮೀಟರ್ ಕೆಟ್ಟ ಗಾಡಿಗೆ, ದಿನದ ಓಟ ಬರೆಯುವ ಲಾಗ್‌ಶೀಟಿನಲ್ಲಿ ಶೆಡ್ಯೂಲಿನ ಕಿಲೋಮೀಟರನ್ನೇ ಬರೆದುಬಿಡುವುದು ಎಲ್ಲ ಕಡೆಯ ರೂಢಿ. ತೊಂದರೆಯ ಮೂಲ ಇಲ್ಲೇ ಇದೆ.

ಶೆಡ್ಯೂಲ್ 412 ಕಿ.ಮೀ. ಎಂದಿಟ್ಟುಕೊಳ್ಳಿ. ಆ ದಿನ ಜನರಿಲ್ಲ, ಹೊತ್ತಾಯಿತು ಎಂದು 38 ಕಿ.ಮೀ.ನ ಕೊನೆಯ ಟ್ರಿಪ್ ಕಟ್ ಆಯಿತು. ಗಾಡಿ ಓಡಿದ್ದು 374, ಕುಡಿದ ಡೀಸೆಲ್ 82.4 ಲೀಟರ್. ನಿಜವಾದ ಕೆಎಂಪಿಎಲ್ 4.54. ಲಾಗ್‌ಶೀಟಿನಲ್ಲಿ 412 ಎಂದೇ ಬರೆದರೆ ಅದು 5.00 ಆಗಿ ಕಾಣುತ್ತದೆ. ಗಾಡಿಯ ಇಂಜೆಕ್ಟರ್ ಕೆಟ್ಟು ಹೊಗೆ ಉಗುಳುತ್ತಿದ್ದರೂ ಕಾಗದದಲ್ಲಿ ಅದು ಘಟಕದ ಒಳ್ಳೆಯ ಗಾಡಿ. ಟೈರಿನ ಆಯುಷ್ಯ ಸುಳ್ಳೇ ಹೆಚ್ಚುತ್ತದೆ, ಪ್ರತಿ ಕಿ.ಮೀ. ಗಳಿಕೆ ಸುಳ್ಳೇ ಇಳಿಯುತ್ತದೆ.

ಆದ್ದರಿಂದ ಲಾಗ್‌ಶೀಟಿನಲ್ಲಿ ಶೆಡ್ಯೂಲ್ ಕಿ.ಮೀ., ಓಡಿದ ಕಿ.ಮೀ., ರದ್ದಾದ ಕಿ.ಮೀ., ಡೆಡ್ ಕಿ.ಮೀ. ಎಂದು ನಾಲ್ಕು ಮನೆ ಬೇರೆಬೇರೆ ಇರಲಿ. ಘಟಕದಿಂದ ನಿಲ್ದಾಣಕ್ಕೆ ಖಾಲಿ ಹೋಗುವುದು ಡೆಡ್. ಪ್ರಯಾಣಿಕರನ್ನು ಹತ್ತಿಸಿಕೊಂಡು ಓಡಿದ್ದು ಎಫೆಕ್ಟಿವ್. ಡೀಸೆಲ್ ಮತ್ತು ಟೈರಿನ ಲೆಕ್ಕಕ್ಕೆ ಎರಡೂ ಸೇರಬೇಕು, ಗಳಿಕೆಯ ಲೆಕ್ಕಕ್ಕೆ ಎಫೆಕ್ಟಿವ್ ಮಾತ್ರ. ಈ ಎರಡನ್ನು ಕಲಸಿಬಿಟ್ಟ ಘಟಕದಲ್ಲಿ ತಿಂಗಳ ಕೊನೆಗೆ ಸಂಚಾರ ಶಾಖೆಯ ಅಂಕಿಗೂ ತಾಂತ್ರಿಕ ಶಾಖೆಯ ಅಂಕಿಗೂ ತಾಳೆ ಬೀಳುವುದಿಲ್ಲ.

ಮೀಟರ್ ಓಡುತ್ತಿದ್ದರೂ ಅದು ಹೇಳುವುದು ಸರಿಯೇ ಎಂದು ನೋಡಬೇಕು. ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳ ನಡುವೆ 10 ಕಿ.ಮೀ. ಓಡಿಸಿ ಹೋಲಿಸಿ. ಟೈರ್ ಸವೆದಾಗ ಚಕ್ರ ಸಣ್ಣದಾಗಿ, ಅದೇ ದಾರಿಗೆ ಹೆಚ್ಚು ಸುತ್ತು ತಿರುಗುತ್ತದೆ. ಹೊಸ ಟೈರಿಗೂ ಪೂರ್ತಿ ಸವೆದ ಟೈರಿಗೂ ಮೀಟರಿನಲ್ಲಿ ಶೇ. 2ರಷ್ಟು ವ್ಯತ್ಯಾಸ ಬರುವುದು ಸಹಜ. ಅದಕ್ಕಿಂತ ಹೆಚ್ಚಿದ್ದರೆ ಮೀಟರ್ ಬಿಚ್ಚಿಸಿ. ಗಾಡಿಯಲ್ಲಿ ಜಿಪಿಎಸ್ ಇದ್ದರೆ ವಾರಕ್ಕೊಮ್ಮೆ ಅದರ ಕಿಲೋಮೀಟರಿನೊಂದಿಗೆ ತಾಳೆ ನೋಡುವುದು ಇನ್ನೂ ಸುಲಭ.

ಡೀಸೆಲ್: ಟ್ಯಾಂಕರ್ ಬಂದ ಮೊದಲ ಅರ್ಧ ಗಂಟೆ

ಘಟಕದ ಖರ್ಚಿನಲ್ಲಿ ಸಂಬಳ ಬಿಟ್ಟರೆ ಡೀಸೆಲ್ಲೇ ದೊಡ್ಡದು. ಆದರೂ ಎಷ್ಟೋ ಕಡೆ ಟ್ಯಾಂಕರ್ ಬಂದಾಗ ಚಲನ್ ನೋಡಿ ಸಹಿ ಹಾಕಿ ಪೈಪ್ ಹಚ್ಚಿಸಿಬಿಡುತ್ತಾರೆ. ಕ್ರಮ ಹೀಗಿರಬೇಕು.

ಟ್ಯಾಂಕರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಹತ್ತು ನಿಮಿಷ ಬಿಡಿ. ಅಲುಗಾಡುವ ಎಣ್ಣೆಗೆ ಡಿಪ್ (ಮಟ್ಟ ಅಳೆಯುವ ಕೋಲು) ಹಾಕಿದರೆ ಅಳತೆ ಸಿಗುವುದಿಲ್ಲ. ಅಷ್ಟರಲ್ಲಿ ಮೇಲಿನ ಮುಚ್ಚಳ ಮತ್ತು ಕೆಳಗಿನ ವಾಲ್ವುಗಳ ಸೀಲ್ ನಂಬರನ್ನು ಚಲನ್‌ನಲ್ಲಿರುವ ನಂಬರಿನೊಂದಿಗೆ ಹೋಲಿಸಿ. ಸೀಲ್ ಇದೆಯೋ ಇಲ್ಲವೋ ಎಂದಷ್ಟೇ ನೋಡಿದರೆ ಸಾಲದು, ನಂಬರು ಓದಬೇಕು. ನಂತರ ಪ್ರತಿ ಕಂಪಾರ್ಟ್‌ಮೆಂಟಿಗೂ ಡಿಪ್ ಹಾಕಿ. ಕೋಲಿನ ತುದಿಗೆ ನೀರು ಪತ್ತೆ ಮಾಡುವ ಪೇಸ್ಟ್ ಸವರಿರಬೇಕು, ತಳದಲ್ಲಿ ನೀರಿದ್ದರೆ ಅದರ ಬಣ್ಣ ತಿರುಗುತ್ತದೆ. ಮಳೆಗಾಲದಲ್ಲಿ ಇದನ್ನು ಬಿಟ್ಟ ಘಟಕಗಳಲ್ಲಿ ವಾರದೊಳಗೆ ಫಿಲ್ಟರ್, ಪಂಪ್, ಇಂಜೆಕ್ಟರ್ ದೂರುಗಳು ಸಾಲುಗಟ್ಟುತ್ತವೆ.

ಆಮೇಲೆ ಸಾಂದ್ರತೆ. ಜಾಡಿಯಲ್ಲಿ ಸ್ಯಾಂಪಲ್ ತೆಗೆದು ಹೈಡ್ರೋಮೀಟರ್ ಮತ್ತು ಥರ್ಮಾಮೀಟರ್ ಇಳಿಸಿ, ಬಂದ ಅಂಕಿಯನ್ನು ಕೋಷ್ಟಕ ನೋಡಿ 15 ಡಿಗ್ರಿ ಸೆಲ್ಸಿಯಸ್‌ಗೆ ಬದಲಿಸಿ. ಚಲನ್‌ನಲ್ಲಿ ಬರೆದ ಸಾಂದ್ರತೆಗಿಂತ ಘನ ಮೀಟರಿಗೆ 3 ಕೆ.ಜಿ.ಗಿಂತ ಹೆಚ್ಚು ಏರುಪೇರಿದ್ದರೆ ಇಳಿಸಿಕೊಳ್ಳಬೇಡಿ, ಕಂಪನಿಗೆ ತಿಳಿಸಿ. ಬದಲಿಸದೆ ನೇರ ಅಂಕಿ ಹೋಲಿಸಿದರೆ ಬೇಸಿಗೆಯಲ್ಲಿ ಒಳ್ಳೆಯ ಡೀಸೆಲ್ಲೂ ಕಲಬೆರಕೆಯಂತೆ ಕಾಣುತ್ತದೆ. 10 ಡಿಗ್ರಿ ಬಿಸಿ ಏರಿದರೆ 12,000 ಲೀಟರ್ ಡೀಸೆಲ್ ಸುಮಾರು 100 ಲೀಟರ್ ಹಿಗ್ಗುತ್ತದೆ. ತಂಪಾದಾಗ ಅಷ್ಟೇ ಕುಗ್ಗುತ್ತದೆ. ನೆಲದಡಿಯ ಟ್ಯಾಂಕಿನ ಡಿಪ್‌ನಲ್ಲಿ ಕಾಣುವ ಸಣ್ಣ ವ್ಯತ್ಯಾಸಕ್ಕೆ ಪಂಪಿನ ಸಿಬ್ಬಂದಿಯನ್ನು ಗದರುವ ಮೊದಲು ಈ ಲೆಕ್ಕ ಹಾಕಿ ನೋಡಿ. ಅವರ ಮೇಲೆ ಅನ್ಯಾಯದ ಅನುಮಾನ ಬರುವುದು ಹೆಚ್ಚಾಗಿ ಇಲ್ಲಿಯೇ.

ಇಳಿಸುವ ಮೊದಲು ಮತ್ತು ಇಳಿಸಿ ಎಣ್ಣೆ ನಿಂತ ಮೇಲೆ ನಿಮ್ಮ ಟ್ಯಾಂಕಿನ ಡಿಪ್ ತೆಗೆದು, ಆ ಟ್ಯಾಂಕಿನದೇ ಕ್ಯಾಲಿಬ್ರೇಶನ್ ಪಟ್ಟಿ ನೋಡಿ ಲೀಟರ್ ಬರೆಯಿರಿ. ಪಕ್ಕದ ಘಟಕದ ಪಟ್ಟಿ ನಡೆಯುವುದಿಲ್ಲ. ವಿತರಣಾ ಪಂಪನ್ನು ಬೆಳಗ್ಗೆ 5 ಲೀಟರಿನ ಮುದ್ರೆ ಹಾಕಿದ ಅಳತೆಪಾತ್ರೆಯಲ್ಲಿ ಪರೀಕ್ಷಿಸಿ. 25 ಮಿಲಿಲೀಟರಿಗಿಂತ ಹೆಚ್ಚು ಆಚೀಚೆ ಆದರೆ ಪಂಪ್ ನಿಲ್ಲಿಸಿ ಕಾನೂನು ಮಾಪನ ಇಲಾಖೆಯಿಂದ ಮತ್ತೆ ಮುದ್ರೆ ಹಾಕಿಸಬೇಕು.

ಗಾಡಿಗೆ ತುಂಬುವಾಗ ಪ್ರತಿ ಸಲವೂ ಒಂದೇ ಮಟ್ಟಕ್ಕೆ, ಅಂದರೆ ಟ್ಯಾಂಕ್ ಪೂರ್ತಿ ತುಂಬಬೇಕು. ಇವತ್ತು ಕುತ್ತಿಗೆಯವರೆಗೆ, ನಾಳೆ ಅಂದಾಜಿಗೆ ಎಂದರೆ ದಿನದ ಕೆಎಂಪಿಎಲ್‌ಗೆ ಅರ್ಥವೇ ಇಲ್ಲ. ದಿನದ ಅಂಕಿ ನೋಡಿ ಚಾಲಕರನ್ನು ಪ್ರಶ್ನಿಸುವುದು ಬೇಡ, ವಾರದ ಸರಾಸರಿ ನೋಡಿ. ಮಾರ್ಗ ನೋಡದೆ ಹೋಲಿಸುವುದಂತೂ ಬೇಡವೇ ಬೇಡ. ಶಿರಾಡಿ ಘಾಟಿ ಹತ್ತುವ ಗಾಡಿಯನ್ನು ಬಯಲು ಸೀಮೆಯ ಗಾಡಿಯ ಪಕ್ಕ ಇಟ್ಟು ಚಾಲಕರ ಹೆಸರನ್ನು ನೋಟಿಸ್ ಬೋರ್ಡಿಗೆ ಹಾಕಿದರೆ ಅದು ಅವಮಾನ ಮಾತ್ರ, ಡೀಸೆಲ್ ಒಂದು ಹನಿಯೂ ಉಳಿಯುವುದಿಲ್ಲ. ಒಂದೇ ಮಾರ್ಗದಲ್ಲಿ ಒಂದೇ ಬಗೆಯ ಗಾಡಿ ಓಡಿಸುವವರನ್ನು ಹೋಲಿಸಿ. ಗಾಡಿ ಬದಲಿಸಿದಾಗಲೂ ಅದೇ ಚಾಲಕರ ಅಂಕಿ ಕಡಿಮೆ ಬಂದರೆ ತರಬೇತಿ ಕೊಡಿಸಿ. ಚಾಲಕರು ಬದಲಾದರೂ ಗಾಡಿಯ ಅಂಕಿ ಕಡಿಮೆಯೇ ಇದ್ದರೆ ಅದನ್ನು ಪಿಟ್ ಮೇಲೆ ಹತ್ತಿಸಿ: ಬ್ರೇಕ್ ಹಿಡಿಯುತ್ತಿದೆಯೇ, ಟೈರಿನಲ್ಲಿ ಗಾಳಿ ಕಮ್ಮಿಯೇ, ಏರ್ ಫಿಲ್ಟರ್ ಕಟ್ಟಿದೆಯೇ ನೋಡಿ. ಕೈಯಿಂದ ಚಕ್ರದ ಡ್ರಮ್ ಮುಟ್ಟಿದರೆ ಯಾವ ಚಕ್ರದ ಬ್ರೇಕ್ ಹಿಡಿದಿದೆ ಎಂದು ಗೊತ್ತಾಗುತ್ತದೆ. ಗಾಡಿ ಬಂದ ತಕ್ಷಣ ಮುಟ್ಟಬೇಡಿ, ಕೈ ಸುಡುತ್ತದೆ, ಹಿಂಗೈಯನ್ನು ಹತ್ತಿರ ಹಿಡಿದರೆ ಸಾಕು.

ಅಂಕಿಯ ತೂಕ ನೋಡಿ: 100 ಗಾಡಿ, ತಲಾ 350 ಕಿ.ಮೀ. ಓಡುವ ಘಟಕದಲ್ಲಿ ಕೆಎಂಪಿಎಲ್ 5.0ರಿಂದ 4.9ಕ್ಕೆ ಇಳಿದರೆ ದಿನಕ್ಕೆ 143 ಲೀಟರ್ ಹೆಚ್ಚು, ತಿಂಗಳಿಗೆ 4,280 ಲೀಟರಿಗೂ ಮೇಲೆ.

ಬಿಎಸ್-6 (ಹೊಸ ಹೊಗೆ ಮಾನದಂಡದ) ಗಾಡಿಗಳಿಗೆ ಡಿಇಎಫ್, ಅಂದರೆ ಹೊಗೆ ಶುದ್ಧಗೊಳಿಸುವ ಯೂರಿಯಾ ದ್ರಾವಣ ಬೇಕು. 100 ಲೀಟರ್ ಡೀಸೆಲ್‌ಗೆ 3ರಿಂದ 5 ಲೀಟರ್ ಹೋಗುತ್ತದೆ. ಇದಕ್ಕಿಂತ ತೀರ ಕಡಿಮೆ ಹೋಗುತ್ತಿದ್ದರೆ ಉಳಿತಾಯ ಎಂದು ಖುಷಿಪಡಬೇಡಿ, ದ್ರಾವಣ ಬಿಡುವ ಡೋಸಿಂಗ್ ವ್ಯವಸ್ಥೆ ಕೆಟ್ಟಿದೆ ಎಂದು ತಿಳಿಯಿರಿ. ಅದರ ಕ್ಯಾನು, ಕೊಳವೆ, ಲಾಳಿಕೆ ಪ್ರತ್ಯೇಕವಾಗಿರಲಿ. ಡೀಸೆಲ್ ಟ್ಯಾಂಕಿಗೆ ಈ ದ್ರಾವಣ ಬಿದ್ದರೆ ಎಂಜಿನ್ ಸ್ಟಾರ್ಟ್ ಮಾಡಲೇಬಾರದು. ಟ್ಯಾಂಕ್ ಇಳಿಸಿ ತೊಳೆಯಬೇಕು.

ಟೈರು

ಪ್ರತಿ ಟೈರಿಗೂ ಅದರದೇ ನಂಬರು, ಅದರದೇ ಕಾರ್ಡು. ಯಾವ ಗಾಡಿಗೆ, ಯಾವ ಜಾಗಕ್ಕೆ, ಎಷ್ಟು ಕಿ.ಮೀ. ಇದ್ದಾಗ ಹಾಕಿದರು, ಎಷ್ಟಕ್ಕೆ ತೆಗೆದರು, ಯಾಕೆ ತೆಗೆದರು. ಈ ಕೊನೆಯ ಮನೆಯಲ್ಲಿ ‘ಸವೆದಿದೆ’ ಎಂದಷ್ಟೇ ಬರೆದ ಕಾರ್ಡು ಕೆಲಸಕ್ಕೆ ಬರುವುದಿಲ್ಲ. ಹೇಗೆ ಸವೆದಿದೆ ಎಂದು ಬರೆಯಿಸಿ. ಎರಡೂ ಅಂಚು ಸವೆದಿದ್ದರೆ ಗಾಳಿ ಕಮ್ಮಿ, ನಡುಭಾಗ ಸವೆದಿದ್ದರೆ ಗಾಳಿ ಜಾಸ್ತಿ. ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್ ಅಥವಾ ಕಿಂಗ್‌ಪಿನ್ (ಮುಂದಿನ ಚಕ್ರ ತಿರುಗುವ ಗೂಟ) ಕಾರಣ. ಅಂಗೈಯಿಂದ ಸವರಿದಾಗ ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸದಂತೆ ತಾಗಿದರೆ ಟೋ-ಇನ್, ಅಂದರೆ ಮುಂದಿನ ಚಕ್ರಗಳು ಒಳಮುಖವಾಗಿರುವ ಅಳತೆ, ತಪ್ಪಿದೆ. ಹೊಸ ಟೈರ್ ಹಾಕುವ ಮೊದಲು ಕಾರಣ ಸರಿಪಡಿಸದಿದ್ದರೆ ಅದೂ ಹಾಗೆಯೇ ಹೋಗುತ್ತದೆ.

ಮುಂದಿನ ಎರಡು ಚಕ್ರಕ್ಕೆ ಹೊಸ ಟೈರು, ರೀಟ್ರೆಡ್ ಮಾಡಿದ್ದು (ಸವೆದ ಟೈರಿಗೆ ಹೊಸ ಮೇಲ್ಪದರ ಹಾಕಿದ್ದು) ಹಿಂದಕ್ಕೆ ಮಾತ್ರ. ಮುಂದಿನದು ಸಿಡಿದರೆ ಸ್ಟೀರಿಂಗ್ ಕೈಯಲ್ಲಿ ನಿಲ್ಲುವುದಿಲ್ಲ, ಹಾಗಾಗಿ ಟೈರ್ ಕೊರತೆ ಎಷ್ಟೇ ಇರಲಿ ಈ ನಿಯಮ ಸಡಿಲಿಸಬಾರದು. ಹಿಂದಿನ ಜೋಡಿ ಚಕ್ರದಲ್ಲಿ ಒಂದು ಹೊಸದು, ಒಂದು ಸವೆದದ್ದು ಹಾಕಿದರೆ ದೊಡ್ಡದು ಇಡೀ ಭಾರ ಹೊತ್ತು ಬಿಸಿಯಾಗುತ್ತದೆ, ಚಿಕ್ಕದು ರಸ್ತೆಗೆ ಉಜ್ಜಿಕೊಳ್ಳುತ್ತದೆ. ಎರಡೂ ಹಾಳು. ಟೈರಿನ ಗೀರುಗಳಿಗೆ ಕಾನೂನಿನ ಕನಿಷ್ಠ ಆಳ 1.6 ಮಿ.ಮೀ. ಆದರೂ ರೀಟ್ರೆಡ್‌ಗೆ ಹೋಗಬೇಕಾದ ಟೈರನ್ನು ಸುಮಾರು 3 ಮಿ.ಮೀ.ಗೆ ಇಳಿಸುವುದು ಜಾಣತನ. ಅದಕ್ಕಿಂತ ಕೆಳಗೆ ಕಲ್ಲು ಚುಚ್ಚಿ ಒಳಗಿನ ತಂತಿಗೆ ನೀರು ಇಳಿದರೆ ಕೇಸಿಂಗ್ (ಟೈರಿನ ಒಡಲು) ಕೆಟ್ಟು ರೀಟ್ರೆಡ್ ಅಂಗಡಿಯಿಂದಲೇ ವಾಪಸ್ ಬರುತ್ತದೆ. ಗಾಳಿ ನೋಡುವುದು ಬೆಳಗ್ಗೆ ಗಾಡಿ ಹೊರಡುವ ಮೊದಲು, ಟೈರ್ ತಣ್ಣಗಿದ್ದಾಗ. ಓಡಿ ಬಂದ ಬಿಸಿ ಟೈರಿನ ಒತ್ತಡ ಹೆಚ್ಚು ತೋರಿಸುತ್ತದೆ, ಆಗ ಗಾಳಿ ಬಿಟ್ಟರೆ ಬೆಳಗ್ಗೆ ಕಮ್ಮಿ ಆಗಿರುತ್ತದೆ.

ದೂರು ಪುಸ್ತಕ ಮತ್ತು ಸ್ಟೋರ್

ಚಾಲಕರು ಲಾಗ್‌ಶೀಟಿನಲ್ಲಿ ಬರೆದ ದೂರಿಗೆ ಅದೇ ರಾತ್ರಿ ಉತ್ತರ ಬರೆಯಬೇಕು: ಏನು ಮಾಡಿದರು, ಯಾರು ಮಾಡಿದರು, ಯಾವ ಭಾಗ ಹಾಕಿದರು. ‘ಚೆಕ್ ಮಾಡಲಾಗಿದೆ, ಓಕೆ’ ಎಂಬ ಸಾಲು ಘಟಕದ ದೊಡ್ಡ ಶತ್ರು. ‘ಬ್ರೇಕ್ ಲೇಟ್’ ಎಂದು ಚಾಲಕರು ಮೂರು ದಿನ ಬರೆದು ಮೂರೂ ದಿನ ಓಕೆ ಎಂದಿದ್ದರೆ, ನಾಲ್ಕನೆಯ ದಿನ ಏನಾದರೂ ಆದಾಗ ಆ ಪುಟವೇ ಘಟಕದ ವಿರುದ್ಧ ಸಾಕ್ಷಿ. ಅದಕ್ಕಿಂತ ದೊಡ್ಡ ನಷ್ಟವೆಂದರೆ, ಬರೆದರೂ ಉಪಯೋಗವಿಲ್ಲ ಎಂದು ಚಾಲಕರು ಬರೆಯುವುದನ್ನೇ ನಿಲ್ಲಿಸುತ್ತಾರೆ. 15 ದಿನದಲ್ಲಿ ಒಂದೇ ದೂರು ಮೂರು ಸಲ ಬಂದ ಗಾಡಿಯನ್ನು ಮಾರ್ಗಕ್ಕೆ ಬಿಡದೆ, ದೂರು ಕೊಟ್ಟ ಚಾಲಕರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಟ್ರಯಲ್ ನೋಡಿ. ‘ಏನಣ್ಣಾ, ಎಲ್ಲಿ ಶಬ್ದ ಬರ್ತದೆ?’ ಎಂದು ಮೆಕ್ಯಾನಿಕ್ ನೇರವಾಗಿ ಕೇಳಿದರೆ ಅರ್ಧ ಕೆಲಸ ಆದಂತೆ. ನಾಲ್ಕು ಪದದ ದೂರಿನಲ್ಲಿ ಸಿಗದ್ದು ಎರಡು ನಿಮಿಷದ ಮಾತಿನಲ್ಲಿ ಸಿಗುತ್ತದೆ.

ಬ್ರೇಕ್‌ಡೌನನ್ನು 10,000 ಕಿ.ಮೀ.ಗೆ ಇಷ್ಟು ಎಂದು ಲೆಕ್ಕ ಹಾಕುತ್ತಾರೆ. ಆ ಒಂದು ಅಂಕಿಗಿಂತ ಕಾರಣವಾರು ವಿಂಗಡಣೆ ಹೆಚ್ಚು ಉಪಯೋಗದ್ದು. ಬೆಲ್ಟ್, ಹೋಸ್ ಪೈಪ್, ವೈರಿಂಗ್‌ನಿಂದ ಗಾಡಿ ನಿಂತಿದ್ದರೆ ಅದು ರಾತ್ರಿ ಪಾಳಿಯ ತಪಾಸಣೆಯ ಕೊರತೆ. ಗೇರ್‌ಬಾಕ್ಸ್, ಎಂಜಿನ್‌ನಿಂದಾದರೆ ಡಾಕಿಂಗ್ (ನಿಗದಿತ ಕಿ.ಮೀ.ಗೊಮ್ಮೆ ಮಾಡುವ ನಿರ್ವಹಣೆ) ಕೆಲಸದ ಗುಣಮಟ್ಟ ನೋಡಬೇಕು.

ಸ್ಟೋರ್‌ನ ವಿಷಯದಲ್ಲಿ ಮೂರೇ ಮಾತು. ಬಿನ್ ಕಾರ್ಡ್ (ದಾಸ್ತಾನಿನ ಲೆಕ್ಕದ ಚೀಟಿ) ಭಾಗದ ಪಕ್ಕದಲ್ಲೇ ತೂಗುತ್ತಿರಲಿ. ಹಳೆಯ ಭಾಗ ವಾಪಸ್ ಬಾರದೆ ಹೊಸದು ಹೊರಗೆ ಹೋಗಬಾರದು. ಎಷ್ಟು ಉಳಿದಾಗ ಬೇಡಿಕೆ ಕಳಿಸಬೇಕು ಎಂಬ ಅಂಕಿ ಕಾರ್ಡಿನ ಮೇಲೆ ಕೆಂಪು ಶಾಯಿಯಲ್ಲಿ ಇರಲಿ. ದಿನಕ್ಕೆ 2 ಸೆಟ್ ಬ್ರೇಕ್ ಲೈನರ್ ಖರ್ಚು, ವಿಭಾಗೀಯ ಕಚೇರಿಯಿಂದ ಬರಲು 12 ದಿನ ಎಂದಾದರೆ 24, ಜೊತೆಗೆ ಮೂರು ದಿನದ ಮುನ್ನೆಚ್ಚರಿಕೆ 6, ಒಟ್ಟು 30 ಉಳಿದಾಗಲೇ ಬೇಡಿಕೆ ಹೋಗಬೇಕು. ನಿಂತ ಗಾಡಿಯಿಂದ ಭಾಗ ಬಿಚ್ಚಿ ಓಡುವ ಗಾಡಿಗೆ ಹಾಕುವುದು ಅನಿವಾರ್ಯವಾದಾಗ ಎರಡೂ ಗಾಡಿಯ ಇತಿಹಾಸ ಪುಸ್ತಕದಲ್ಲಿ ಬರೆಯಿರಿ. ಬರೆಯದೆ ಬಿಚ್ಚುತ್ತ ಹೋದರೆ ಆರು ತಿಂಗಳಿಗೆ ಆ ಗಾಡಿ ಬರೀ ಅಸ್ಥಿಪಂಜರ, ಏನೇನು ಹೋಯಿತು ಎಂದು ಹೇಳುವವರಿಲ್ಲ.

ಸಿಬ್ಬಂದಿ: ಎಷ್ಟು ಮಂದಿ ಬೇಕು, ಡ್ಯೂಟಿ ಹೇಗೆ ಹಾಕಬೇಕು

ಜನ ಕಮ್ಮಿ ಇದ್ದಾರೆ ಎಂದು ವಿಭಾಗಕ್ಕೆ ಬರೆಯುವ ಮೊದಲು ಎಷ್ಟು ಕಮ್ಮಿ ಎಂದು ಲೆಕ್ಕ ಹಾಕಿ. ಘಟಕದಲ್ಲಿ ದಿನಕ್ಕೆ 100 ಚಾಲಕ ಡ್ಯೂಟಿ ಇದೆ ಎನ್ನಿ. 365 ದಿನದಲ್ಲಿ ವಾರದ ರಜೆ 52 ಹೋಯಿತು. ಗಳಿಕೆ ರಜೆ, ಸಾಂದರ್ಭಿಕ ರಜೆ, ಕಾಯಿಲೆ, ತರಬೇತಿ, ಕೋರ್ಟ್ ಸಾಕ್ಷಿ, ಗೈರು ಎಲ್ಲ ಸೇರಿ ನಿಮ್ಮ ಹಾಜರಿ ಪುಸ್ತಕದ ಪ್ರಕಾರ ಸರಾಸರಿ 45 ಎಂದಾದರೆ ಒಬ್ಬ ಚಾಲಕ ಸಿಗುವುದು 268 ದಿನ. 100ನ್ನು 365ರಿಂದ ಗುಣಿಸಿ 268ರಿಂದ ಭಾಗಿಸಿ: 136.2, ಅಂದರೆ 137 ಮಂದಿ ಬೇಕು. 45 ಎಂಬುದನ್ನು ಊಹಿಸಬೇಡಿ, ಹಿಂದಿನ ಮೂರು ವರ್ಷದ ಹಾಜರಿಯಿಂದ ತೆಗೆಯಿರಿ. ತಿಂಗಳವಾರು ತೆಗೆದರೆ ಇನ್ನೂ ಒಳ್ಳೆಯದು. ಮುಂಗಾರು ಬಿತ್ತನೆ, ಸುಗ್ಗಿ, ಊರ ಜಾತ್ರೆ, ಯುಗಾದಿ, ದೀಪಾವಳಿಗೆ ರಜೆ ಕೇಳುವವರು ಹೆಚ್ಚು. ಬಸ್ಸಿಗೆ ಜನ ಹೆಚ್ಚುವುದೂ ಆಗಲೇ. ಯಾವ ದಿನ ಎಷ್ಟು ಮಂದಿಗೆ ರಜೆ ಕೊಡಬಹುದು ಎಂಬ ಸಂಖ್ಯೆಯನ್ನು ಮುಂಚೆಯೇ ಬೋರ್ಡಿನಲ್ಲಿ ಬರೆದು, ಅರ್ಜಿ ಬಂದ ಸರದಿಯಂತೆ ಮಂಜೂರು ಮಾಡಿ. ರಜೆ ಸಿಗುವ ದಾರಿ ಕಣ್ಣಿಗೆ ಕಾಣುವಂತಿದ್ದರೆ ಹೇಳದೆ ಗೈರಾಗುವವರು ತಾನಾಗಿ ಕಡಿಮೆಯಾಗುತ್ತಾರೆ.

ಶೆಡ್ಯೂಲ್ ಕಟ್ಟುವವರಿಗೆ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ (2025ರ ನವೆಂಬರ್‌ನಲ್ಲಿ ಹೊಸ ಕಾರ್ಮಿಕ ಸಂಹಿತೆ ಅದರ ಜಾಗಕ್ಕೆ ಬಂದಿದೆ) ಹಾಕಿಕೊಟ್ಟಿದ್ದ ಅಳತೆಗೋಲು ಇದು: ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ. ಸತತ 5 ಗಂಟೆಯ ಮೇಲೆ ಅರ್ಧ ಗಂಟೆ ಬಿಡುವು. ಬಿಡುವೂ ಸೇರಿ ಸ್ಪ್ರೆಡ್ ಓವರ್ (ಡ್ಯೂಟಿಯ ಆರಂಭದಿಂದ ಕೊನೆಯವರೆಗಿನ ಅವಧಿ) 12 ಗಂಟೆ ಮೀರಬಾರದು. ಒಂದು ದಿನದ ಡ್ಯೂಟಿ ಮುಗಿದು ಮರುದಿನದ್ದು ಶುರುವಾಗುವ ನಡುವೆ 9 ಗಂಟೆ ವಿಶ್ರಾಂತಿ. ದೂರದ ಮಾರ್ಗಗಳಿಗೆ ದಿನಕ್ಕೆ 10, ವಾರಕ್ಕೆ 54 ಗಂಟೆಯವರೆಗೆ ಅವಕಾಶವಿತ್ತು.

ಕಾಗದದಲ್ಲಿ ಇದು ಎಲ್ಲ ಶೆಡ್ಯೂಲಿನಲ್ಲೂ ಸರಿಯಾಗಿಯೇ ಇರುತ್ತದೆ. ಕೆಡುವುದು ಓಟದ ಸಮಯದಲ್ಲಿ. ಹತ್ತು ವರ್ಷದ ಹಿಂದೆ 50 ನಿಮಿಷ ಎಂದು ನಮೂನೆ-4ರಲ್ಲಿ (ಶೆಡ್ಯೂಲಿನ ಸಮಯಪಟ್ಟಿ) ಬರೆದ ಟ್ರಿಪ್ಪಿಗೆ ಇವತ್ತು ಊರೊಳಗಿನ ಸಿಗ್ನಲ್, ಹಂಪ್, ಹೆಚ್ಚಿದ ನಿಲುಗಡೆಯಿಂದ 65 ನಿಮಿಷ ಬೇಕು. ದಿನಕ್ಕೆ ಎಂಟು ಟ್ರಿಪ್ ಇದ್ದರೆ ಎರಡು ಗಂಟೆ ತಡ. ಆ ಎರಡು ಗಂಟೆ ಎಲ್ಲಿಂದ ಬರುತ್ತದೆ? ಊಟದ ಬಿಡುವಿನಿಂದ, ವೇಗದಿಂದ, ಕೊನೆಗೆ ನಿದ್ದೆಯಿಂದ. ರಾತ್ರಿ 11ಕ್ಕೆ ಗಾಡಿ ಒಪ್ಪಿಸಿ, ಕ್ಯಾಶ್ ಕಟ್ಟಿ, ಬೆಳಗ್ಗೆ 5ಕ್ಕೆ ಮತ್ತೆ ಸ್ಟೀರಿಂಗ್ ಹಿಡಿದವರ ಕೈಯಲ್ಲಿ ಐವತ್ತು ಜೀವ ಇರುತ್ತದೆ. ವರ್ಷಕ್ಕೊಮ್ಮೆಯಾದರೂ ಪ್ರತಿ ಮಾರ್ಗದ ಟ್ರಿಪ್ ಸಮಯವನ್ನು ಒಂದು ವಾರ ಅಳೆದು ನಮೂನೆ-4 ತಿದ್ದಿ. ಟಿಕೆಟ್ ಯಂತ್ರದ ಟ್ರಿಪ್ ಆರಂಭ, ಮುಕ್ತಾಯದ ಸಮಯ ಹೇಗೂ ದಾಖಲಾಗಿರುತ್ತದೆ, ಬೇರೆ ಸಮೀಕ್ಷೆ ಬೇಕಿಲ್ಲ.

ಡ್ಯೂಟಿ ಪಟ್ಟಿ ಹಿಂದಿನ ಸಂಜೆಯೇ ಬೋರ್ಡಿಗೆ ಬರಲಿ. ಶೆಡ್ಯೂಲ್ ಹಂಚಿಕೆ ಜ್ಯೇಷ್ಠತೆಯ ಮೇಲೆ, ಎಲ್ಲರ ಮುಂದೆ ಕೌನ್ಸೆಲಿಂಗ್ ನಡೆಸಿ ಆಗಲಿ. ಕೌಂಟರಿನ ಕಿಟಕಿಯಲ್ಲಿ ಕಿವಿಮಾತಿಗೆ ಬದಲಾದ ಡ್ಯೂಟಿ ಇಡೀ ಘಟಕದ ನಂಬಿಕೆ ಕೆಡಿಸುತ್ತದೆ. ಬದಲಾವಣೆ ಅನಿವಾರ್ಯವಾದರೆ ಕಾರಣ, ಸಮಯ, ಮಾಡಿದವರ ಸಹಿ ಡ್ಯೂಟಿ ರಿಜಿಸ್ಟರಿನಲ್ಲೇ ಇರಬೇಕು. ಮಹಿಳಾ ನಿರ್ವಾಹಕರಿಗೆ ಡ್ಯೂಟಿ ಹಾಕುವಾಗ ಮಾರ್ಗದ ಕೊನೆಯ ನಿಲ್ದಾಣದಲ್ಲಿ ಶೌಚಾಲಯ ಇದೆಯೇ, ಡ್ಯೂಟಿ ಮುಗಿದ ಮೇಲೆ ಮನೆ ಸೇರಲು ಗಾಡಿ ಇದೆಯೇ ಎಂದು ನೋಡುವುದು ಸಂಚಾರ ಶಾಖೆಯದೇ ಕೆಲಸ.

ತಪ್ಪಿಗೆ ಕ್ರಮ ತೆಗೆದುಕೊಳ್ಳುವಾಗ 1971ರ ನಡತೆ ಮತ್ತು ಶಿಸ್ತು ನಿಯಮಾವಳಿಯ ಹೆಜ್ಜೆ ಯಾವುದನ್ನೂ ಹಾರಬೇಡಿ: ಆಪಾದನೆ ಸ್ಪಷ್ಟವಾಗಿ ಬರೆದು ಕೊಡುವುದು, ಸಮಜಾಯಿಷಿಗೆ ಸಮಯ ಕೊಡುವುದು, ವಿಚಾರಣೆ, ಆಮೇಲೆ ಆದೇಶ. ಟಿಕೆಟ್ ಪ್ರಕರಣದಲ್ಲಿ ಮೂಲ ವೇ ಬಿಲ್ (ನಿರ್ವಾಹಕರ ದಿನದ ಟಿಕೆಟ್ ಲೆಕ್ಕದ ಹಾಳೆ), ಯಂತ್ರದ ಸ್ಟೇಟಸ್ ವರದಿ, ತನಿಖಾ ಸಿಬ್ಬಂದಿ ಅಲ್ಲೇ ಬರೆದ ವರದಿ ಮೂರೂ ಒಂದೇ ಕಡತದಲ್ಲಿ ಇಲ್ಲದಿದ್ದರೆ ಆದೇಶ ಕಾರ್ಮಿಕ ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ. ತಪ್ಪು ಮಾಡದ ನಿರ್ವಾಹಕರನ್ನು ಉಳಿಸುವುದೂ ಅದೇ ಮೂರು ಕಾಗದ.

ನಿರ್ವಾಹಕರ ಲೆಕ್ಕ

ಹೊರಡುವ ಮೊದಲು ವೇ ಬಿಲ್‌ನಲ್ಲಿ ಮೂರು ವಿಷಯ ಇರಲೇಬೇಕು: ಯಂತ್ರದ ನಂಬರು, ಕೈಟಿಕೆಟ್ ಕಟ್ಟುಗಳ ಆರಂಭದ ನಂಬರು, ನಿರ್ವಾಹಕರ ಜೇಬಿನಲ್ಲಿರುವ ಸ್ವಂತ ಹಣ. ಸ್ವಂತ ಹಣ ಬರೆಯದೆ ಹೋದರೆ ದಾರಿಯಲ್ಲಿ ತನಿಖೆ ಬಂದಾಗ ಅದು ‘ಹೆಚ್ಚುವರಿ ಹಣ’ವಾಗುತ್ತದೆ. ಯಂತ್ರದ ಬ್ಯಾಟರಿ ಪೂರ್ತಿ ಚಾರ್ಜ್ ಆಗಿದೆಯೇ, ಪೇಪರ್ ರೋಲ್ ಹೆಚ್ಚುವರಿ ಇದೆಯೇ ಎಂದು ಕೊಡುವವರೇ ನೋಡಿ ಕೊಡಲಿ. ನಿಲ್ದಾಣ ದಾಟಿದಂತೆ ಯಂತ್ರದಲ್ಲಿ ಸ್ಟೇಜ್ (ದರ ಲೆಕ್ಕದ ಹಂತ) ಬದಲಿಸದಿದ್ದರೆ ಹಿಂದಿನ ಸ್ಟೇಜಿನಿಂದಲೇ ಟಿಕೆಟ್ ಬಂದು ಪ್ರಯಾಣಿಕರು ಹೆಚ್ಚು ಕೊಡುತ್ತಾರೆ. ಜಗಳ ಬಹುಪಾಲು ಇಲ್ಲಿಂದ ಹುಟ್ಟುತ್ತದೆ.

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಶೂನ್ಯ ಟಿಕೆಟ್ಟಿನ ಲೆಕ್ಕ ಹಣದ ಲೆಕ್ಕದಷ್ಟೇ ಮುಖ್ಯವಾಗಿದೆ. ಟಿಕೆಟ್ಟಿನಲ್ಲಿ ಪ್ರಯಾಣಿಕರು ಕೊಡುವುದು ಸೊನ್ನೆ, ಆದರೆ ಅದರ ಮೌಲ್ಯವನ್ನು ನಿಗಮ ಸರ್ಕಾರದಿಂದ ಕೇಳುತ್ತದೆ. ಟಿಕೆಟ್ ಕೊಡದೆ ಬಿಟ್ಟರೆ ನಿಗಮದ ಹಣ ಹೋಯಿತು, ಹತ್ತದವರ ಹೆಸರಿನಲ್ಲಿ ಟಿಕೆಟ್ ಹರಿದರೆ ಅದು ನೇರ ವಂಚನೆ. ಘಟಕದಲ್ಲಿ ದಿನಾ ನೋಡಬೇಕಾದ ಸಂಗತಿ: ಒಂದು ಟ್ರಿಪ್ಪಿನಲ್ಲಿ ಒಂದೆರಡು ನಿಮಿಷದೊಳಗೆ ಒಂದೇ ಸ್ಟೇಜಿನಿಂದ ಕೊನೆಯ ಸ್ಟೇಜಿಗೆ ಸಾಲಾಗಿ ಶೂನ್ಯ ಟಿಕೆಟ್ ಬಂದಿದ್ದರೆ ವಿವರಣೆ ಕೇಳಿ. ಕಾಲೇಜು ಬಿಟ್ಟ ಹೊತ್ತೋ, ಸಂತೆಯ ದಿನವೋ ಆಗಿರಬಹುದು. ಆದ್ದರಿಂದ ಕೇಳುವ ದನಿ ಆರೋಪದ್ದಾಗಬಾರದು.

ರಾತ್ರಿ ಹಣ ಒಪ್ಪಿಸುವಾಗ ನೋಟುಗಳ ಮುಖಬೆಲೆವಾರು ಪಟ್ಟಿ ನಿರ್ವಾಹಕರೇ ಬರೆದು ಸಹಿ ಹಾಕಲಿ, ಎಣಿಕೆ ಅವರ ಕಣ್ಣೆದುರಿಗೇ ನಡೆಯಲಿ. ಕಮ್ಮಿ ಬಂದದ್ದನ್ನು ವಸೂಲಿ ಮಾಡುವಂತೆ ಹೆಚ್ಚು ಬಂದದ್ದನ್ನೂ ಲೆಕ್ಕಕ್ಕೆ ಜಮಾ ಮಾಡಬೇಕು. ಕ್ಯಾಶ್ ಕೌಂಟರಿನ ಮುಂದೆ ಒಂದು ಗಂಟೆ ಕಾಯುವಂತಾದರೆ ಆ ಗಂಟೆಯೂ ನಿರ್ವಾಹಕರ ನಿದ್ದೆಯದೇ. ಗಾಡಿಗಳು ಒಟ್ಟಿಗೆ ಬರುವ ಹೊತ್ತಿಗೆ ಎರಡನೆಯ ಕೌಂಟರ್ ತೆರೆಯಿರಿ.

ಅವಧಿ ಮುಗಿಯುವ ಕಾಗದಗಳು

ಇವಕ್ಕೆ ಒಂದೇ ಗೋಡೆ ಪಟ್ಟಿ ಸಾಕು, ಆದರೆ 60 ದಿನ ಮುಂಚೆ ಎಚ್ಚರಿಸುವಂತಿರಬೇಕು. ಎಫ್‌ಸಿ (ಗಾಡಿ ಓಡಲು ಯೋಗ್ಯ ಎಂಬ ಪ್ರಮಾಣಪತ್ರ): ಗಾಡಿಗೆ ಎಂಟು ವರ್ಷ ಆಗುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಬಿಎಸ್-4, ಬಿಎಸ್-6 ಗಾಡಿಗೆ ಹೊಗೆ ತಪಾಸಣೆ ವರ್ಷಕ್ಕೊಮ್ಮೆ. ಸಾರಿಗೆ ವಾಹನದ ಚಾಲನಾ ಪರವಾನಗಿ ಐದು ವರ್ಷಕ್ಕೊಮ್ಮೆ. ಮುಂಚೆ ಇದ್ದ 30 ದಿನದ ರಿಯಾಯಿತಿ 2019ರ ತಿದ್ದುಪಡಿಯಲ್ಲಿ ಹೋಗಿದೆ. ಅವಧಿ ಮುಗಿದ ಮರುದಿನವೇ ಪರವಾನಗಿ ಇಲ್ಲದಂತೆ. ಅವಧಿಗೆ ಒಂದು ವರ್ಷ ಮುಂಚಿನಿಂದಲೇ ನವೀಕರಣಕ್ಕೆ ಅರ್ಜಿ ಹಾಕಬಹುದು, ಹಾಗಾಗಿ ಕೊನೆಯ ವಾರದ ಓಡಾಟಕ್ಕೆ ಕಾರಣವೇ ಇಲ್ಲ. 15 ವರ್ಷ ತುಂಬಿದ ಸರ್ಕಾರಿ ಮತ್ತು ಸಾರಿಗೆ ನಿಗಮದ ವಾಹನಗಳ ನೋಂದಣಿ 2023ರ ಏಪ್ರಿಲ್ 1ರಿಂದ ನವೀಕರಣ ಆಗುವುದಿಲ್ಲ. ಯಾವ ಗಾಡಿ ಯಾವ ತಿಂಗಳು ಹೊರಬೀಳುತ್ತದೆ ಎಂಬುದು ಗೊತ್ತಿದ್ದರೆ ಅದಕ್ಕೆ ಹೊಸ ಎಂಜಿನ್ ಹಾಕಿ ಕೈಸುಟ್ಟುಕೊಳ್ಳುವುದು ತಪ್ಪುತ್ತದೆ.

ಅಪಘಾತದ ಕಡತ

ಮೋಟಾರು ವಾಹನ ಕಾಯ್ದೆಯ 146ನೇ ಕಲಂ ಸಾರಿಗೆ ನಿಗಮಗಳಿಗೆ, ಸ್ವಂತ ನಿಧಿ ಇಟ್ಟುಕೊಂಡರೆ, ಮೂರನೇ ವ್ಯಕ್ತಿ ವಿಮೆಯಿಂದ ವಿನಾಯಿತಿ ಕೊಡಲು ಸರ್ಕಾರಕ್ಕೆ ಅವಕಾಶ ಕೊಟ್ಟಿದೆ. ವಿನಾಯಿತಿ ಪಡೆದ ನಿಗಮ ಪರಿಹಾರವನ್ನು ತನ್ನ ಗಂಟಿನಿಂದಲೇ ಕೊಡಬೇಕು. ಕೊಡುವುದು ತಡವಾದಾಗ ಕೋರ್ಟಿನ ಅಮೀನರು ನಿಲ್ದಾಣಕ್ಕೇ ಬಂದು ಬಸ್ ಜಪ್ತಿ ಮಾಡುವುದನ್ನು ನಮ್ಮ ಊರುಗಳಲ್ಲಿ ಜನ ನೋಡಿದ್ದಾರೆ. ಗಾಯಗೊಂಡವರಿಗೆ ನ್ಯಾಯವಾದ ಪರಿಹಾರ ಬೇಗ ಸಿಗಬೇಕಾದರೂ, ಸುಳ್ಳು ಕ್ಲೇಮನ್ನು ತಡೆಯಬೇಕಾದರೂ ಕಡತ ಪೂರ್ತಿ ಇರಬೇಕು.

ಸುದ್ದಿ ಬಂದ ತಕ್ಷಣ ಗಾಯಾಳುಗಳಿಗೆ ಚಿಕಿತ್ಸೆ, 24 ಗಂಟೆಯೊಳಗೆ ಪೊಲೀಸರಿಗೆ ಮಾಹಿತಿ, ಇದು ಕಾನೂನಿನ ಮೊದಲ ಕರ್ತವ್ಯ. ಅದರ ಜೊತೆಗೇ ಸ್ಥಳಕ್ಕೆ ಹೋದವರು ಗಾಡಿ ಅಲುಗಾಡಿಸುವ ಮೊದಲು ನಾಲ್ಕೂ ದಿಕ್ಕಿನಿಂದ ಫೋಟೋ, ರಸ್ತೆಯ ಮೇಲಿನ ಬ್ರೇಕ್ ಗುರುತಿನ ಅಳತೆ, ಬಸ್ಸಿನಲ್ಲಿದ್ದ ಪ್ರಯಾಣಿಕರ ಹೆಸರು ಮತ್ತು ಟಿಕೆಟ್ ನಂಬರು ತರಬೇಕು. ಪೊಲೀಸರು ಮೂಲ ಕಾಗದ ಒಯ್ಯುವ ಮೊದಲು ಲಾಗ್‌ಶೀಟ್ ಮತ್ತು ವೇ ಬಿಲ್‌ನ ದೃಢೀಕೃತ ಪ್ರತಿ ಇಟ್ಟುಕೊಳ್ಳಿ. ಆಮೇಲೆ ಆ ಗಾಡಿಯ ಹಿಂದಿನ 30 ದಿನದ ದೂರು ಪುಟಗಳು, ಚಾಲಕರ ಹಿಂದಿನ ಮೂರು ದಿನದ ಡ್ಯೂಟಿ, ಜಿಪಿಎಸ್ ದತ್ತಾಂಶ, ಮೋಟಾರು ವಾಹನ ನಿರೀಕ್ಷಕರ ವರದಿ, ಪರವಾನಗಿ ಮತ್ತು ಎಫ್‌ಸಿ ಪ್ರತಿ ಸೇರಿಸಿ. ಜಿಪಿಎಸ್ ದತ್ತಾಂಶ ಸರ್ವರಿನಲ್ಲಿ ಅಳಿಸಿಹೋಗುವ ಮೊದಲು ಇಳಿಸಿಕೊಂಡು ಮುದ್ರಿಸಿಡಬೇಕು.

ಕ್ಲೇಮ್ ಅರ್ಜಿ ಹಾಕಲು ಈಗ ಆರು ತಿಂಗಳ ಗಡುವಿದೆ, ಆದರೆ ಸಾಕ್ಷ್ಯ ಹೇಳುವ ಹೊತ್ತಿಗೆ ವರ್ಷಗಳೇ ಕಳೆದಿರಬಹುದು. ಅಷ್ಟರಲ್ಲಿ ವ್ಯವಸ್ಥಾಪಕರು ವರ್ಗವಾಗಿರುತ್ತಾರೆ, ಚಾಲಕರು ನಿವೃತ್ತರಾಗಿರುತ್ತಾರೆ. ಪ್ರಶ್ನೆ ಬರುವುದು ಆ ರಾತ್ರಿ ಗಾಡಿ ಎಷ್ಟು ಹೊತ್ತಿಗೆ ಗೇಟ್ ದಾಟಿತು, ಮೀಟರಿನಲ್ಲಿ ಎಷ್ಟಿತ್ತು ಎಂದು. ಅದಕ್ಕೆ ಉತ್ತರ ಗೇಟ್ ರಿಜಿಸ್ಟರಿನಲ್ಲಿದೆ, ಆ ರಿಜಿಸ್ಟರ್ ಎಲ್ಲಿದೆ ಎಂಬುದೇ ಪ್ರಶ್ನೆ.

ಹಾಗಾಗಿ ದಾಖಲೆ ಕೋಣೆಯಲ್ಲಿ ಅಪಘಾತ, ಶಿಸ್ತು ಪ್ರಕರಣ, ಸೇವಾ ಪುಸ್ತಕ, ಗೇಟ್ ರಿಜಿಸ್ಟರ್ ನಾಲ್ಕಕ್ಕೂ ಬೇರೆ ಕಪಾಟು ಮಾಡಿ. ಪ್ರತಿ ಕಟ್ಟಿನ ಬೆನ್ನಿಗೆ ವರ್ಷ, ತಿಂಗಳು, ಎಷ್ಟರಿಂದ ಎಷ್ಟರವರೆಗಿನ ಪುಟ ಎಂದು ದಪ್ಪ ಅಕ್ಷರದಲ್ಲಿ ಬರೆಯಿಸಿ. ಪ್ರಕರಣ ಬಾಕಿ ಇರುವ ಯಾವ ಕಾಗದವೂ ಅವಧಿ ಮುಗಿಯಿತು ಎಂದು ನಾಶದ ಪಟ್ಟಿಗೆ ಸೇರದಂತೆ ಕಟ್ಟಿಗೆ ಕೆಂಪು ದಾರ ಕಟ್ಟಿಸಿ. ಕೆಳಗಿನ ಹಲಗೆ ನೆಲದಿಂದ ಒಂದು ಅಡಿ ಮೇಲಿರಲಿ, ಗೋಡೆಗೆ ತಾಗದಿರಲಿ, ಗೆದ್ದಲು ಮತ್ತು ಮಳೆನೀರು ಬರುವುದು ಅಲ್ಲಿಂದಲೇ. ಯಾವುದಾದರೂ ಕಡತ ವಿಭಾಗಕ್ಕೋ ವಕೀಲರ ಕಚೇರಿಗೋ ಹೋದರೆ ಅದರ ಜಾಗದಲ್ಲಿ ಒಂದು ರಟ್ಟಿನ ತುಂಡು ನಿಲ್ಲಿಸಿ, ಕಡತದ ಸಂಖ್ಯೆ, ಒಯ್ದವರ ಹೆಸರು, ತಾರೀಖು ಬರೆದಿಡಿ. ಕಡತ ವಾಪಸ್ ಬಂದ ದಿನ ಆ ರಟ್ಟು ತೆಗೆಯಿರಿ. ಮೂರು ತಿಂಗಳಾದರೂ ನಿಂತಲ್ಲೇ ನಿಂತಿರುವ ರಟ್ಟುಗಳನ್ನು ಪಟ್ಟಿ ಮಾಡಿ ಪ್ರತಿ ತಿಂಗಳ ಮೊದಲ ವಾರ ನೆನಪೋಲೆ ಕಳಿಸಿ.